ಮಳೆ ಹಿಡಿದಾಗಲೆಲ್ಲ ಒಂದೇ ಚಿತ್ರ ಬಿಡಿಸುವ ಹುಡುಗಿ: ಶಿಕ್ಷಕಿಯಾಗಿ ನಾನು ಏನು ಮಾಡಬೇಕು?

ಪ್ರಶ್ನೆ: ಶಾಲಾ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ನನ್ನ ತರಗತಿಯ ಹುಡುಗಿಯೊಬ್ಬಳ ಮನೆ 2018ರ ಆಗಸ್ಟ್‌ನಲ್ಲಿ ಬರೆ ಕುಸಿದು ಮಣ್ಣಿನಡಿ ಸೇರಿತು. ಆಗ ಅವಳಿಗೆ ಐದು ವರ್ಷ. ಮನೆಯವರೆಲ್ಲರೂ ಜೀವ ಉಳಿಸಿಕೊಂಡರಾದರೂ, ಕತ್ತಲಲ್ಲಿ ಕಾಫಿ ತೋಟದ ನಡುವೆ ನಡೆದು ಪರಿಹಾರ ಕೇಂದ್ರ ಸೇರಿದ ಕಥೆಯನ್ನು ಅವಳ ಅಜ್ಜಿ ಇಂದಿಗೂ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಬೇಸಿಗೆಯಲ್ಲೆಲ್ಲ ಲವಲವಿಕೆಯಿಂದಿರುವ ಈ ಹುಡುಗಿ, ಮಳೆ ಹಿಡಿಯಿತೆಂದರೆ ಮಾತು ಕಡಿಮೆ ಮಾಡಿ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಿಡಿಸುತ್ತಾಳೆ: ನಡುವೆ ಸೀಳಿದ ಗುಡ್ಡ, ಅದರ ಬುಡದಲ್ಲಿ ಬಾಗಿಲಿಲ್ಲದ ಮನೆ.

ಬಾಗಿಲಿಲ್ಲದ ಮನೆಯೆಂದರೆ ಮಗು ಯಾರನ್ನೂ ನಂಬುವುದಿಲ್ಲವೆಂದು ಅರ್ಥ ಎಂದು ಸಹೋದ್ಯೋಗಿಯೊಬ್ಬರು ಎಲ್ಲೋ ಓದಿ ಹೇಳಿದರು. ಚಿತ್ರ ಬಹಳ ಚೆನ್ನಾಗಿದೆ, ಪ್ರತಿಭಾ ಕಾರಂಜಿಗೆ ಕಳುಹಿಸೋಣ ಎಂದರು ಇನ್ನೊಬ್ಬರು. ನನಗೆ ಎರಡೂ ಸರಿ ಕಾಣಲಿಲ್ಲ. ಏಳು ವರ್ಷದ ಹಿಂದಿನ ಭಯ ಹೀಗೆ ಉಳಿಯುವುದುಂಟೇ? ಚಿತ್ರ ಬಿಡಿಸಲು ಬಿಡುವುದು ಒಳ್ಳೆಯದೇ, ತಡೆಯುವುದು ಒಳ್ಳೆಯದೇ?

ಉತ್ತರ 1: ಮಕ್ಕಳ ಮನಶ್ಶಾಸ್ತ್ರಜ್ಞೆ, ಮೈಸೂರು

ಮೇಡಂ, ಮೊದಲು ಬಾಗಿಲಿನ ವಿಷಯ. ಮನೆ, ಮರ, ಮನುಷ್ಯರ ಚಿತ್ರ ಬರೆಸಿ ಅದರಿಂದ ವ್ಯಕ್ತಿತ್ವವನ್ನು ಅಳೆಯುವ ಪರೀಕ್ಷೆಯನ್ನು ಜಾನ್ ಬಕ್ ಎಂಬುವರು 1948ರಲ್ಲಿ ಪ್ರಕಟಿಸಿದರು. ಈ ಗೆರೆಗೆ ಈ ಅರ್ಥ, ಕಪ್ಪು ಬಣ್ಣಕ್ಕೆ ಆ ಅರ್ಥ ಎನ್ನುವ ಪಟ್ಟಿಗಳು ಇಂಥ ಪರೀಕ್ಷೆಗಳ ಸುತ್ತ ಬೆಳೆದವು. ಆದರೆ ಒಂದೊಂದು ಗುರುತಿಗೆ ಒಂದೊಂದು ಅರ್ಥ ಹಚ್ಚುವ ಈ ಕ್ರಮ ನಂತರದ ಸಂಶೋಧನೆಯ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಮಗುವಿನ ಚಿತ್ರದ ಅರ್ಥ ಮಗುವಿಗೇ ಗೊತ್ತು, ಅದನ್ನು ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೆ ಚಿತ್ರ ನಿಜವಾಗಿಯೂ ನೆರವಾಗುತ್ತದೆ. ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇಯ್ನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಸಂತೋಷ, ಸಿಟ್ಟು, ಭಯವಾದ ಸಂದರ್ಭಗಳನ್ನು ಚಿತ್ರ ಬಿಡಿಸುತ್ತಾ ಹೇಳಿದ ಮೂರರಿಂದ ಆರು ವರ್ಷದ ಮಕ್ಕಳು, ಬರೀ ಬಾಯಿಮಾತಿನಲ್ಲಿ ಹೇಳಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ವಿವರ ಕೊಟ್ಟರು. ಕೈಗೆ ಕೆಲಸವಿದ್ದಾಗ, ಎದುರಿನವರ ಮುಖ ನೋಡಬೇಕಿಲ್ಲದಾಗ, ಮಾತು ಸಲೀಸಾಗುತ್ತದೆ ಎಂಬುದು ನನ್ನ ಅನುಭವವೂ ಹೌದು.

ಏಳು ವರ್ಷ ಉಳಿಯುವುದುಂಟೇ ಎಂದು ಕೇಳಿದ್ದೀರಿ. ಉಂಟು. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಊರಿನಲ್ಲಿ ಶಾಲಾ ಬಸ್ಸಿನ ಸಮೇತ 26 ಮಕ್ಕಳನ್ನು ಅಪಹರಿಸಿ, ನೆಲದಡಿ ಹೂತಿಟ್ಟ ವಾಹನವೊಂದರೊಳಗೆ ಕೂಡಿಹಾಕಿದ್ದರು. ಮಕ್ಕಳೆಲ್ಲ ಬದುಕಿ ಹೊರಬಂದರು. ಆದರೆ ಮನೋವೈದ್ಯೆ ಲೆನೋರ್ ಟೆರ್ ನಾಲ್ಕು ವರ್ಷಗಳ ನಂತರ ಆ ಮಕ್ಕಳನ್ನು ಮತ್ತೆ ಮಾತನಾಡಿಸಿದಾಗಲೂ ಆಘಾತದ ಗುರುತುಗಳು ಉಳಿದಿದ್ದವು. ಕೆಲವು ಮಕ್ಕಳ ಆಟವೂ ಬದಲಾಗಿತ್ತು. ನಡೆದದ್ದನ್ನೇ ಆಡುತ್ತಿದ್ದರು, ಆದರೆ ಆಡಿ ಮುಗಿಸಿದ ಮೇಲೂ ಹಗುರಾಗುತ್ತಿರಲಿಲ್ಲ. ನೀವು ಗಮನಿಸಬೇಕಾದದ್ದು ಇದನ್ನೇ. ಚಿತ್ರ ವರ್ಷದಿಂದ ವರ್ಷಕ್ಕೆ ಸ್ವಲ್ಪವಾದರೂ ಬದಲಾಗುತ್ತಿದೆಯೇ, ಬಿಡಿಸಿದ ಮೇಲೆ ಅವಳು ಸಮಾಧಾನದಿಂದಿರುತ್ತಾಳೆಯೇ ಅಥವಾ ಇನ್ನಷ್ಟು ಮುದುಡುತ್ತಾಳೆಯೇ? ಮುದುಡುತ್ತಿದ್ದರೆ, ನಿದ್ದೆ, ಊಟ, ಓದು ಕೆಟ್ಟಿದ್ದರೆ, ತರಬೇತಿ ಪಡೆದವರ ನೆರವು ಬೇಕು. ಮಡಿಕೇರಿಯ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ಯಬಹುದು, ಅಥವಾ ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಒಂದನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ಕಲಾ ಚಿಕಿತ್ಸೆಯ ಬಗ್ಗೆ ನನಗೆ ಬಹಳ ಗೌರವವಿದೆ, ಆದರೆ ಅದರ ಪರವಾದ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು. ಮಕ್ಕಳ ಆಘಾತಕ್ಕೆ ಹೆಚ್ಚು ಗಟ್ಟಿ ಆಧಾರವಿರುವುದು, ಪೋಷಕರನ್ನೂ ಜೊತೆಗೆ ಕೂರಿಸಿಕೊಂಡು ನಡೆಸುವ, ಆಘಾತವನ್ನೇ ಕೇಂದ್ರವಾಗಿಸಿಕೊಂಡ ಅರಿವು-ವರ್ತನಾ ಚಿಕಿತ್ಸೆಗೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆಗೆ. ಒಳ್ಳೆಯ ಚಿಕಿತ್ಸಕರು ಚಿತ್ರವನ್ನು ಅದರೊಳಗೇ ಬಳಸಿಕೊಳ್ಳುತ್ತಾರೆ.

ಉತ್ತರ 2: ಮಕ್ಕಂದೂರು ಕಡೆಯ ತಾಯಿ

ಟೀಚರ್, ನಿಮ್ಮ ಪ್ರಶ್ನೆ ಓದಿ ಕಣ್ಣು ತುಂಬಿತು. ನಾವೂ ಅದೇ ವಾರ ಮನೆ ಬಿಟ್ಟವರು. ಪರಿಹಾರ ಕೇಂದ್ರಕ್ಕೆ ಬಂದಿದ್ದ ಒಂದು ತಂಡದವರು ಮಕ್ಕಳಿಗೆಲ್ಲ ಕ್ರೇಯಾನ್ ಹಂಚಿ, "ಗುಡ್ಡ ಜಾರಿದ ದಿನ ಏನೇನು ನೋಡಿದಿರೋ ಅದನ್ನು ಬರೆಯಿರಿ" ಎಂದರು. ಮಾತು ಹೊರಗೆ ಬಂದರೆ ಮನಸ್ಸು ಹಗುರಾಗುತ್ತದೆ ಎಂದು ನಮಗೆ ವಿವರಿಸಿದರು, ಚಿತ್ರಗಳ ಫೋಟೊ ತೆಗೆದುಕೊಂಡರು, ಮರುದಿನ ಬರಲಿಲ್ಲ. ನನ್ನ ಮಗ ಅಂದಿನಿಂದ ಎಷ್ಟೋ ರಾತ್ರಿ ಕಿರುಚಿಕೊಂಡು ಎದ್ದಿದ್ದಾನೆ. ಅವರ ಉದ್ದೇಶ ಕೆಟ್ಟದ್ದಲ್ಲವೆಂದು ನನಗೆ ಗೊತ್ತು, ಆದರೂ ಆ ನೋವು ನನ್ನಲ್ಲಿ ಉಳಿದಿದೆ. ಆ ಹುಡುಗಿಯ ಚಿತ್ರವನ್ನು ದಯವಿಟ್ಟು ಸ್ಪರ್ಧೆಗೆ ಕಳುಹಿಸಬೇಡಿ.

ಉತ್ತರ 1 ಬರೆದವರ ಪ್ರತಿಕ್ರಿಯೆ

ಅಕ್ಕ, ನಿಮ್ಮ ನೋವು ನ್ಯಾಯವಾದದ್ದು. ಘಟನೆ ನಡೆದ ತಕ್ಷಣ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಕ್ರಮವನ್ನು ಚಿಕಿತ್ಸೆಯೆಂದು ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ 2013ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಆರಂಭದ ದಿನಗಳಲ್ಲಿ ಮಗುವಿಗೆ ಬೇಕಾದದ್ದು ತನ್ನವರ ಜೊತೆ, ಬಿಸಿ ಊಟ, ಒಣ ಹಾಸಿಗೆ ಮತ್ತು ನಾಳೆ ಏನಾಗುತ್ತದೆ ಎಂಬ ಮಾಹಿತಿ. ಚಿತ್ರ ಬಿಡಿಸಲಿ, ಆದರೆ ಏನು ಬಿಡಿಸಬೇಕೆಂಬುದನ್ನು ಮಗುವೇ ನಿರ್ಧರಿಸಲಿ.

ಉತ್ತರ 3: ಡ್ರಾಯಿಂಗ್ ಮೇಷ್ಟ್ರು, ವಿರಾಜಪೇಟೆ

ನಾನು ಚಿಕಿತ್ಸಕನಲ್ಲ, ಮಕ್ಕಳ ಜೊತೆ ಇಪ್ಪತ್ತು ವರ್ಷ ಬಣ್ಣ ಹಚ್ಚಿದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಬಂಧನಶಿಬಿರದಲ್ಲಿದ್ದ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅಲ್ಲಿನ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. 1944ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಿ ಈ ಕಲಾವಿದೆಯನ್ನು ಕೊಂದರು. ಮಕ್ಕಳು ಬಿಡಿಸಿದ ಸುಮಾರು 4,500 ಚಿತ್ರಗಳು ಪ್ರಾಗ್‌ನ ಯಹೂದಿ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಶಿಬಿರದ ಚಿತ್ರಗಳಷ್ಟೇ ಅಲ್ಲ, ಹೂವು, ಚಿಟ್ಟೆ, ಬಿಟ್ಟುಬಂದ ಮನೆಗಳೂ ಇವೆ. ಡಿಕರ್-ಬ್ರಾಂಡೈಸ್ ಅವರ ಶಿಷ್ಯೆ ಈಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಕಲಾ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು.

ಒಂದು ಸಣ್ಣ ಸಲಹೆ. ಭಯದಲ್ಲಿರುವ ಮಗುವಿಗೆ ಹರಿದು ಹರಡುವ ನೀರು ಬಣ್ಣಕ್ಕಿಂತ ಪೆನ್ಸಿಲ್, ಕ್ರೇಯಾನ್ ವಾಸಿ, ಏಕೆಂದರೆ ಅವು ಕೈಯ ಹಿಡಿತದಲ್ಲಿರುತ್ತವೆ. ಜೇಡಿಮಣ್ಣನ್ನು ಈ ಹುಡುಗಿಗೆ ಈಗಲೇ ಕೊಡಲು ನಾನಂತೂ ಹಿಂಜರಿಯುತ್ತೇನೆ. ಚಿತ್ರಗಳನ್ನು ಇಡಲು ಅವಳದೇ ಒಂದು ಫೈಲ್ ಕೊಡಿ, ಅವಳು ಹೇಳದೆ ಯಾರೂ ಅದನ್ನು ತೆರೆಯಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಚಿತ್ರವನ್ನು ಪ್ರತಿಭಾ ಕಾರಂಜಿಗೆ ಕಳುಹಿಸುವುದಿಲ್ಲವೆಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇನೆ. ನಿನ್ನೆ ಮಳೆ ರಜೆಯ ನಂತರ ಶಾಲೆ ತೆರೆದಾಗ ಅವಳಿಗೆ ಫೈಲ್ ಕೊಟ್ಟು, ಪಕ್ಕದಲ್ಲಿ ಕುಳಿತು, "ಇದರ ಬಗ್ಗೆ ನನಗೆ ಹೇಳುತ್ತೀಯಾ?" ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಬಾಗಿಲು ಹಿಂದುಗಡೆ ಇದೆ ಮಿಸ್, ನಾವು ಅಡುಗೆಮನೆಯ ಬಾಗಿಲಿಂದ ಓಡಿದ್ದು, ಅದಕ್ಕೇ ಕಾಣುವುದಿಲ್ಲ ಎಂದಳು. ಈಚೆಗೆ ಮಳೆಯ ರಾತ್ರಿಗಳಲ್ಲಿ ಅವಳು ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆಂದು ಅಜ್ಜಿ ಹೇಳಿದರು. ಸೋಮವಾರ ಅವರಿಬ್ಬರ ಜೊತೆ ನಾನೂ ಮಡಿಕೇರಿಗೆ ಹೋಗುತ್ತಿದ್ದೇನೆ. ಅಜ್ಜಿಯನ್ನೂ ಅಲ್ಲಿಯೇ ತೋರಿಸಬಹುದೇ ಎಂದು ವೈದ್ಯರನ್ನು ಕೇಳಬೇಕೆಂದಿದ್ದೇನೆ.