ಬಾಳೆಕಂದು, ರೆಡ್‌ವುಡ್ ಮತ್ತು ನಮ್ಮ ಗುಂಪಿನ ಕ್ಯಾಂಪಿಂಗ್

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನಾಲ್ಕಾರು ಮನೆಯವರು ಕ್ಯಾಂಪಿಂಗ್ ಹೋಗಬಹುದಾ ಅಂತ ಕೇಳಿದ್ದಿರಿ. ಧಾರಾಳವಾಗಿ ಹೋಗಿ. ಇಲ್ಲಿ ಅಮೆರಿಕದಲ್ಲಿ ಬೆಳೀತಿರೋ ಮಕ್ಕಳಿಗೆ ಕನ್ನಡ ಕಲಿಸೋಕೆ ಅಂತ ಮಾತ್ರ ಹೋಗಬೇಡಿ, ನಾವು ಆ ಪ್ರಯೋಗ ಮಾಡಿ ಸೋತಿದ್ದೇವೆ.

ಹೋದ ಬೇಸಿಗೆಯಲ್ಲಿ ಆರು ಮನೆಯವರು ಸೇರಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಸ್ಯಾಮ್ಯುಯೆಲ್ ಪಿ. ಟೇಲರ್ ಸ್ಟೇಟ್ ಪಾರ್ಕಿಗೆ ಹೋಗಿದ್ದೆವು. ಗುಂಪಿಗೆ ಡೇರೆ ಹಾಕೋ ಸೈಟು ಬೇಕಂದ್ರೆ ಆರು ತಿಂಗಳು ಮುಂಚೆಯೇ ಬುಕ್ ಮಾಡೋಕೆ ಕೂರಬೇಕು. ಜಾಗದ ಕಥೆಯೂ ಚೆನ್ನಾಗಿದೆ. ಚಿನ್ನದ ಬೇಟೆಯಲ್ಲಿ ಕಾಸು ಮಾಡಿಕೊಂಡ ಟೇಲರ್, 1856ರಲ್ಲಿ ಲಗುನಿಟಾಸ್ ಹಳ್ಳದ ದಡದಲ್ಲಿ ಕಾಗದದ ಗಿರಣಿ ಹಾಕಿದ. ಪೆಸಿಫಿಕ್ ಕರಾವಳಿಗೇ ಅದು ಮೊದಲನೆಯದು. 1870ರ ದಶಕದಲ್ಲಿ ರೈಲು ಬಂದಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಜನ ವಾರಾಂತ್ಯಕ್ಕೆ ಇಲ್ಲಿ ಬಂದು ಡೇರೆ ಹೊಡೆಯತೊಡಗಿದರು. ಮೋಜಿಗೆ ಅಂತ ಕಾಡಲ್ಲಿ ಮಲಗೋ ಅಭ್ಯಾಸ ಅಮೆರಿಕದಲ್ಲಿ ಶುರುವಾದ ಮೊದಮೊದಲ ಜಾಗಗಳಲ್ಲಿ ಇದೂ ಒಂದು. ಆ ರೈಲಿನ ಹಾದಿಯಲ್ಲಿ ಈಗ ನಮ್ಮ ಮಕ್ಕಳು ಸೈಕಲ್ ಹೊಡೆದರು.

ಶನಿವಾರ ಬೆಳಿಗ್ಗೆ ಕನ್ನಡ ಅಕ್ಷರದ ಚೀಟಿ, ಒಗಟಿನ ಪಟ್ಟಿ ಎಲ್ಲ ಹೊರಗೆ ತೆಗೆದೆವು. ಹತ್ತು ನಿಮಿಷಕ್ಕೆ ಹನ್ನೊಂದು ಮಕ್ಕಳೂ ಹಳ್ಳದಲ್ಲಿ.

ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಸುಮ್ಮನೆ ಅಡ್ಡಾಡುತ್ತಿದ್ದರು. ಹಿಂದೆ ಯಾವಾಗಲೋ ಕಡಿದ ರೆಡ್‌ವುಡ್ ಅನ್ನೋ ಭಾರೀ ಎತ್ತರದ ಮರದ ಬೊಡ್ಡೆ, ಅದರ ಸುತ್ತ ಬಳೆಯ ಹಾಗೆ ಎದ್ದು ನಿಂತ ಏಳು ಮರ. "ಬಾಳೆ ಬುಡದಲ್ಲಿ ಕಂದು ಏಳಲ್ವಾ, ಹಂಗೇ ಕಣೇ ಇದು" ಅಂದರು. ನನ್ನ ಮಗಳಿಗೆ ಬಾಳೆಹಣ್ಣು ಗೊತ್ತು, ಕಂದು ಗೊತ್ತಿಲ್ಲ. ಅಜ್ಜಿ ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆದು ತೋರಿಸಿದರು. ಅಷ್ಟೇ. ಸಂಜೆಯವರೆಗೂ "ಇಲ್ಲಿ ಐದು ಕಂದು, ಅಲ್ಲಿ ಒಂಬತ್ತು ಕಂದು" ಅಂತ ಕಾಡೆಲ್ಲ ಎಣಿಕೆ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಇಂಗ್ಲಿಷ್ ಆಡೋ ಹುಡುಗನೂ ಎಣಿಸುತ್ತಿದ್ದ.

ಇನ್ನು ನಮ್ಮ ಎಡವಟ್ಟುಗಳು. ರಾತ್ರಿ ಹತ್ತರ ಮೇಲೆ ಗದ್ದಲ ಕೂಡದು. ಅಂತ್ಯಾಕ್ಷರಿ ಹತ್ತೂಕಾಲಿಗೂ ನಡೀತಿತ್ತು, ರೇಂಜರ್ ಬಂದು ಹೇಳಿ ಹೋದರು. ತಪ್ಪು ನಮ್ಮದೇ. ತಿಂಡಿಯೆಲ್ಲ ಸೈಟಿನ ಪೆಟ್ಟಿಗೆಯೊಳಗೇ ಇಡಿ. ಮೇಜಿನ ಮೇಲೆ ಮರೆತ ಕೋಡುಬಳೆ ಡಬ್ಬಿಯ ಮುಚ್ಚಳವನ್ನು ರಕೂನ್ ಅನ್ನೋ ಕಾಡುಪ್ರಾಣಿ ನಮಗಿಂತ ನಾಜೂಕಾಗಿ ತೆಗೆದಿತ್ತು. ಬಿದ್ದ ಕೊಂಬೆ ಆರಿಸಿ ಉರಿ ಹಾಕುವಂತಿಲ್ಲ, ಸೌದೆ ಕೊಂಡೇ ತರಬೇಕು.

ಈ ಸಲವೂ ಅತ್ತೆ ಬರೋ ತಿಂಗಳು ನೋಡಿಯೇ ಬುಕ್ ಮಾಡಿದ್ದೀವಿ. ನೆಲದ ಮೇಲೆ ಮಲಗಿ ಅವರ ಬೆನ್ನು ಹಿಡಿದುಕೊಂಡಿತ್ತು. ಯಾರ ಹತ್ರ ಆದರೂ ಮಡಚೋ ಮಂಚ ಇದ್ದರೆ ಹೇಳಿ, ಎರಡು ರಾತ್ರಿಗೆ ಸಾಕು.