ಅಂಬಾಸಿಡರ್ ಚೈನಿನ ಎರಡು ಚುಕ್ಕಿ: ಗ್ರೂಪಿನಲ್ಲಿ ಮೇಸ್ತ್ರಿ ಜೊತೆ ಪ್ರಶ್ನೋತ್ತರ (ಕೇಳಿದವರ ಹೆಸರಿನ ಬದಲು ಊರು)

ತಿಪಟೂರು: ಮೇಸ್ತ್ರಿ, ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಇಂಜಿನ್ ಕೆಲಸ ಮುಗಿದು ಒಂದು ವಾರ. ಐಡಲ್ ನಿಲ್ಲುತ್ತೆ, ಏರಲ್ಲಿ ಎಳೆಯಲ್ಲ, ಕಾರ್ಬೊರೇಟರ್ ಸೀನುತ್ತೆ. ಡಿಸ್ಟ್ರಿಬ್ಯೂಟರ್ ಎಷ್ಟು ತಿರುಗಿಸಿದರೂ ಅಷ್ಟೇ. ಕ್ಯಾಮ್ ಸ್ಪ್ರಾಕೆಟ್‌ನಲ್ಲಿ (ವಾಲ್ವ್ ತೆರೆಯೋ ಶಾಫ್ಟಿನ ಚೈನ್ ಚಕ್ರ) ಚೈನ್ ಹೊಂದಿಸೋ ಗುರುತಿನ ಚುಕ್ಕಿ ಎರಡು ಇತ್ತು, ಒಂದು ಯಾರೋ ಹಿಂದೆ ಪಂಚ್ ಹೊಡೆದಿದ್ದು.

ಸಾಗರ: ಮಾರುತಿ 800 ಬೆಲ್ಟ್ ಎಷ್ಟು ಕಿ.ಮೀ.ಗೆ ಬದಲಿಸಬೇಕು ಸರ್?

ಮೇಸ್ತ್ರಿ: ಮೊನ್ನೆನೇ ಹೇಳಿದ್ದೆ. ಮೇಲೆ ನೋಡಿ.

ಮೇಸ್ತ್ರಿ: ತಿಪಟೂರಿನವರೇ, ಆ ಎರಡನೇ ಚುಕ್ಕಿ ನನಗೆ ಸರಿ ಕಾಣ್ತಿಲ್ಲ. ಡಿಸ್ಟ್ರಿಬ್ಯೂಟರ್ ತಿರುಗೋದೇ ಕ್ಯಾಮ್‌ನಿಂದ. ಅದನ್ನ ತಿರುಗಿಸಿದ್ರೆ ಕಿಡಿ ಸರಿಹೋಗುತ್ತೆ, ವಾಲ್ವ್ ಎಲ್ಲಿತ್ತೋ ಅಲ್ಲೇ. ದೊಡ್ಡ ಸ್ಪ್ರಾಕೆಟ್‌ಗೆ 40 ಹಲ್ಲಿದ್ರೆ, ಒಂದು ಹಲ್ಲು ತಪ್ಪಿದ್ರೂ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ಶಾಫ್ಟ್, ಕ್ಯಾಮ್‌ನ ಎರಡರಷ್ಟು ಸುತ್ತುತ್ತೆ) ಲೆಕ್ಕಕ್ಕೆ 18. ಕ್ಯಾಮ್ ಹಿಂದೆ ಬಿದ್ರೆ ಇನ್ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತೆ, ಒಳಗೆ ತುಂಬಿದ್ದು ವಾಪಸ್ ಕಾರ್ಬೊರೇಟರ್‌ಗೇ ಬರುತ್ತೆ.
ಈಗಲೇ ಟೈಮಿಂಗ್ ಕವರ್ (ಚೈನ್ ಮೇಲಿನ ಮುಚ್ಚಳ) ಬಿಚ್ಚಬೇಡಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಸಂದು) ಸರಿ ಇರಲಿ, ಪ್ಲಗ್ ತೆಗೆದು ರಾಕರ್ ಕವರ್ (ವಾಲ್ವ್ ಮೇಲಿನ ಮುಚ್ಚಳ) ಬಿಚ್ಚಿ ಇಂಜಿನ್ ಕೈಯಲ್ಲೇ ತಿರುಗಿಸಿ. 1ನೇ ಸಿಲಿಂಡರ್‌ನ ಎರಡೂ ವಾಲ್ವ್ ತೂಗಾಡೋ ಸುತ್ತಿನಲ್ಲಿ, ಪುಲ್ಲಿ ಗುರುತು ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ನಿಲ್ಲೋ ಜಾಗ) ಬಂದಾಗ ಎಕ್ಸಾಸ್ಟ್ ಮುಚ್ಚುತ್ತಾ, ಇನ್ಲೆಟ್ ಆಗಷ್ಟೇ ಬಾಯಿ ಬಿಡ್ತಾ ಇರಬೇಕು. ಗುರುತು ದಾಟಿದ ಮೇಲೂ ಇನ್ಲೆಟ್ ಅಲುಗದಿದ್ರೆ ತಪ್ಪು ಒಳಗಿದೆ. ಅಲ್ಲೀವರೆಗೆ ಗಾಡಿ ಓಡಿಸಬೇಡಿ.

ಹಾಸನ: (ಫಾರ್ವರ್ಡ್) "ಪ್ಲಗ್ ತೂತಿಗೆ ಸೈಕಲ್ ಸ್ಪೋಕ್ ಹಾಕಿ ಸೆಲ್ಫ್ ಹೊಡೆದರೆ ಟಿಡಿಸಿ ತಾನೇ ಸಿಗುತ್ತೆ."

ಮೇಸ್ತ್ರಿ: ಅಂಬಾಸಿಡರ್ ಪ್ಲಗ್ ತೂತು ಓರೆ ಕಣ್ರೀ. ಸ್ಪೋಕ್ ಸಿಕ್ಕಿ ಒಳಗೇ ಮುರಿಯುತ್ತೆ. ಹೆಡ್ ಇಳಿಸೋ ದುಡ್ಡು ಈ ಮೆಸೇಜ್ ಬರೆದವನು ಕೊಡ್ತಾನಾ?

ದಾವಣಗೆರೆ: ಇದಕ್ಕೇ ಫಿಯೆಟ್ ತಗೊಳ್ಳಿ ಅನ್ನೋದು.

ಹಾಸನ: ನಿಮ್ಮ ಫಿಯೆಟ್ ಪದ್ಮಿನಿಗೂ ಚೈನೇ ಸ್ವಾಮಿ.

ದಾವಣಗೆರೆ: 1089 ಸಿಸಿಲೇ ಚಾರ್ಮಾಡಿ ಘಾಟಿ ಹತ್ತಿಸಿದೀನಿ.

ಹಾಸನ: ಹತ್ತಿಸಿದ್ರೋ, ತಳ್ಳಿದ್ರೋ?

ದಾವಣಗೆರೆ: ನಾಲಿಗೆ ಹಿಡಿತದಲ್ಲಿರಲಿ. ಸ್ಪೋಕ್ ಡಾಕ್ಟರ್ ಬಂದುಬಿಟ್ಟ.

ಹುಬ್ಬಳ್ಳಿ: ಸರ್, ಪದ್ಮಿನಿ ಚೈನ್ ಸಡಿಲ ಆಗೇತಿ. ಹಂಗ ಓಡಿಸಿದ್ರ ನಡೀತದೇನ್ರಿ?

ದಾವಣಗೆರೆ: ಅಡ್ಮಿನ್, ಈ ಹಾಸನದವರನ್ನ ತೆಗೀರಿ.

ತಿಪಟೂರು: ನೋಡಿದೆ ಮೇಸ್ತ್ರಿ. ಗುರುತು ಒಂದು ಬೆರಳಗಲ ದಾಟಿದ ಮೇಲೇ ಇನ್ಲೆಟ್ ಅಲುಗಿತು. ನಮ್ಮ ಮೆಕ್ಯಾನಿಕ್ "ಚುಕ್ಕಿಗೆ ಚುಕ್ಕಿ ಸೇರಿಸಿದೀನಿ" ಅಂತಾರೆ.

ಮೇಸ್ತ್ರಿ: ಸೇರಿಸಿದಾರೆ, ಪಂಚ್ ಹೊಡೆದ ಚುಕ್ಕಿಗೆ. ಈಗ ಟೈಮಿಂಗ್ ಕವರ್ ಬಿಚ್ಚಿ. ಕಂಪನಿ ಚುಕ್ಕಿಗಳು ಎದುರುಬದುರು ನಿಲ್ಲಬೇಕು, ಎರಡೂ ಶಾಫ್ಟಿನ ನಡುಗೆರೆ ಮೇಲೆ. ಸ್ಪ್ರಾಕೆಟ್‌ಗಳ ಮುಖಕ್ಕೆ ಸ್ಕೇಲ್ ಇಟ್ಟು ನೋಡಿ, ಹಿಂದೆಮುಂದೆ ಇದ್ರೆ ಕ್ರ್ಯಾಂಕ್ ಸ್ಪ್ರಾಕೆಟ್ ಹಿಂದಿನ ಶಿಮ್ (ತೆಳು ಬಿಲ್ಲೆ) ಬದಲಿಸಿ. ಆಯಿಲ್ ಥ್ರೋವರ್ (ಎಣ್ಣೆ ಹೊರಗೆ ಸೋರದಂತೆ ಎರಚೋ ತಟ್ಟೆ) ಮೇಲೆ 'ಎಫ್' ಅಂತಿದ್ರೆ ಅದು ಮುಂದಕ್ಕಿರಲಿ. ಆಮೇಲೆ ಡಿಸ್ಟ್ರಿಬ್ಯೂಟರ್ ಮೊದಲಿಂದ ಹೊಂದಿಸಿ, ಈಗಿರೋದು ತಪ್ಪಿಗೆ ಹೊಂದಿಸಿದ್ದು.

ಸಾಗರ: ಸರ್, 800 ಬೆಲ್ಟ್?

ಮೇಸ್ತ್ರಿ: ಮೇಲೆ.

ಹುಬ್ಬಳ್ಳಿ: ನಮ್ದೂ ಒಂದು ಪ್ರಶ್ನೆ ಇತ್ರಿ.