ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ: 64ರಲ್ಲಿ ಭಾರ ಎತ್ತಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 64 ವರ್ಷ. ದಿನಾ ಅರ್ಧ ಗಂಟೆ ವಾಕಿಂಗ್ ತಪ್ಪಿಸುವುದಿಲ್ಲ. ಸಿಹಿ ಬಿಟ್ಟಿದ್ದೇನೆ, ರಾತ್ರಿ ಊಟ ತುಂಬಾ ಕಮ್ಮಿ ಮಾಡಿದ್ದೇನೆ. ತೂಕವೂ ಇಳಿದಿದೆ. ಆದರೆ ಈಗೀಗ ಕುರ್ಚಿಯಿಂದ ಏಳಬೇಕಾದರೆ ಕೈ ಊರಬೇಕು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕು. ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಭಾರ ಎತ್ತುವ ವ್ಯಾಯಾಮ ಮಾಡು ಅಂತ ಮಗಳು ಹಿಂದೆ ಬಿದ್ದಿದ್ದಾಳೆ. ಈ ವಯಸ್ಸಿನಲ್ಲಿ ಅದರಿಂದ ಏನಾದರೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ಸೊಂಟ ಹಿಡಿಸಿಕೊಳ್ಳುವ ಕೆಲಸವಾ?

ಉತ್ತರ: ನಮಸ್ಕಾರ. ಮಗಳು ಹೇಳಿದ್ದೇ ಸರಿ. ವಾಕಿಂಗ್ ಬಿಡಬೇಡಿ, ಹೃದಯಕ್ಕೆ, ಬಿಪಿಗೆ ಅದು ಒಳ್ಳೆಯದು. ಆದರೆ ಕುರ್ಚಿಯಿಂದ ಏಳುವುದಕ್ಕೆ ಬೇಕಾಗಿರುವುದು ತೊಡೆಯ ಶಕ್ತಿ. ಸಮತಟ್ಟು ದಾರಿಯಲ್ಲಿ ನಡೆದರೆ ಅದು ಅಷ್ಟಾಗಿ ಬರುವುದಿಲ್ಲ. ಊಟ ಕಡಿಮೆ ಮಾಡಿ ತೂಕ ಇಳಿಸಿದ್ದೀರಲ್ಲ, ಇಳಿದದ್ದು ಬರೀ ಕೊಬ್ಬಲ್ಲ. ಅದರ ಜೊತೆ ಮಾಂಸಖಂಡವೂ ಒಂದಿಷ್ಟು ಹೋಗಿರುತ್ತದೆ. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ವಯಸ್ಸಿನ ವಿಷಯಕ್ಕೆ ಬಂದರೆ, 1990ರಲ್ಲಿ ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಜೊತೆಯವರು ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ ಹತ್ತು ಜನ. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು, ಅದೂ ಹಗುರವಾದ ಭಾರ ಅಲ್ಲ. ತೊಡೆಯ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು. ಹತ್ತೇ ಜನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಕಾಗಿಲ್ಲ. ನಾಲ್ಕು ವರ್ಷದ ನಂತರ ಅವರೇ ನೂರು ಜನರ ಮೇಲೆ ಸರಿಯಾದ ಪ್ರಯೋಗ ಮಾಡಿದರು. ಸರಾಸರಿ ವಯಸ್ಸು 87. ಒಂದು ಗುಂಪಿಗೆ ಬರೀ ವ್ಯಾಯಾಮ, ಒಂದಕ್ಕೆ ಬರೀ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಹತ್ತು ವಾರ ಕಳೆದಾಗ ವ್ಯಾಯಾಮ ಮಾಡಿದವರ ಶಕ್ತಿ ಶೇ. 113ರಷ್ಟು ಹೆಚ್ಚಿತ್ತು. ಮಾಡದವರದ್ದು ಶೇ. 3.

ಬರೀ ಪಾನೀಯ ಕುಡಿದವರ ಕಥೆ ಏನಾಯಿತು ಗೊತ್ತಾ? ಶಕ್ತಿಯೂ ಬರಲಿಲ್ಲ, ನಡಿಗೆಯೂ ಸುಧಾರಿಸಲಿಲ್ಲ. ದಿನದ ಲೆಕ್ಕದಲ್ಲಿ ಅವರು ತಿಂದದ್ದೂ ಜಾಸ್ತಿ ಆಗಲಿಲ್ಲ. ವ್ಯಾಯಾಮ ಮತ್ತು ಪಾನೀಯ ಎರಡೂ ಇದ್ದ ಗುಂಪಿನಲ್ಲಿ ಮಾತ್ರ ಒಟ್ಟು ಆಹಾರ ಹೆಚ್ಚಿತು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದೇ ಯಾವ ಪುಡಿ ಕುಡಿಯಬೇಕು ಅಂತ. ಅವರಿಗೆಲ್ಲ ನಾನು ಹೇಳುವುದು ಈ ಪ್ರಯೋಗದ ವಿಷಯವನ್ನೇ.

ಗುಂಪಿನ ಸದಸ್ಯರೊಬ್ಬರು: ಹಾಗಾದರೆ ಪ್ರೋಟೀನ್ ಪುಡಿ ದಂಡ ಅಂತೀರಾ ಮೇಡಂ? ನಾನು ಈಗಷ್ಟೇ ದೊಡ್ಡ ಡಬ್ಬ ತಂದಿದ್ದೇನೆ!

ಉತ್ತರ: ತಂದದ್ದನ್ನು ಎಸೆಯಬೇಡಿ ಮತ್ತೆ! ಪ್ರೋಟೀನ್ ಖಂಡಿತ ಬೇಕು. ವಯಸ್ಸಾದಂತೆ, ಅಷ್ಟೇ ಪ್ರೋಟೀನ್ ತಿಂದರೂ ಮಾಂಸಖಂಡ ಮೊದಲಿನಷ್ಟು ಚುರುಕಾಗಿ ಬೆಳೆಯುವುದಿಲ್ಲ. ಅದಕ್ಕೇ ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಆದರೆ, 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಹೇಳಿತು. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಯಾವುದು ಒಗ್ಗುತ್ತದೋ ಅದು. ಊಟದಿಂದ ಅಷ್ಟು ಬಾರದಿದ್ದರೆ ಆಗ ಪುಡಿ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಒಂದು ಸಲ ಭಾರ ಎತ್ತಿದ ಮೇಲೆ, ತಿಂದ ಪ್ರೋಟೀನನ್ನು ಮಾಂಸಖಂಡ ಚೆನ್ನಾಗಿ ಬಳಸಿಕೊಳ್ಳುತ್ತದೆ. ಈ ಪರಿಣಾಮ ಒಂದು ದಿನದವರೆಗೂ ಇರುತ್ತದೆ. ಹಾಗಾಗಿ ಎರಡೂ ಜೊತೆಗೇ ಬೇಕು.

ಪ್ರಶ್ನೆ ಕೇಳಿದವರು: ನನ್ನ ರಾತ್ರಿ ಊಟದಲ್ಲಿ ಪ್ರೋಟೀನ್ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಜಾಸ್ತಿ ತಿಂದರೆ ಶುಗರ್ ಏರುವುದಿಲ್ಲವಾ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಊಟ ಜಾಸ್ತಿ ಮಾಡಿ ಅಂತಲ್ಲ, ಊಟದಲ್ಲಿ ಇರುವುದನ್ನು ಬದಲಿಸಿ. ಇನ್ನು ಶುಗರ್ ವಿಷಯ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ಸಾಮಾನ್ಯವಾಗಿ ಅದಕ್ಕೆ ಇನ್ಸುಲಿನ್ ಬೇಕು. ಆದರೆ ಮಾಂಸಖಂಡ ಕೆಲಸ ಮಾಡುವಾಗ ಇನ್ಸುಲಿನ್ ಕಾಯದೆಯೇ ಸಕ್ಕರೆ ಒಳಗೆ ಹೋಗುವ ಇನ್ನೊಂದು ದಾರಿ ತೆರೆಯುತ್ತದೆ. ಗಡಿಯಲ್ಲಿರುವವರಿಗೆ ಇದು ದೊಡ್ಡ ವರ. ಮಾಂಸಖಂಡ ಕರಗಿದರೆ ಸಕ್ಕರೆಗೆ ಜಾಗವೂ ಕಮ್ಮಿಯಾಗುತ್ತದೆ.

ನಿಮ್ಮಂಥವರ ಮೇಲೇ ಅಮೆರಿಕದಲ್ಲಿ ಡಯಾಬಿಟಿಸ್ ತಡೆಯುವ ದೊಡ್ಡ ಪ್ರಯೋಗ ನಡೆದಿತ್ತು. 3,234 ಜನ, ಎಲ್ಲರ ಶುಗರ್ ಗಡಿಯಲ್ಲೇ. 2002ರಲ್ಲಿ ಫಲಿತಾಂಶ ಬಂತು. ವಾರಕ್ಕೆ 150 ನಿಮಿಷ ವ್ಯಾಯಾಮ ಮತ್ತು ಶೇ. 7ರಷ್ಟು ತೂಕ ಇಳಿಸುವ ಗುರಿ ಇದ್ದ ಗುಂಪಿನಲ್ಲಿ, ಸುಮಾರು ಮೂರು ವರ್ಷದಲ್ಲಿ, ಡಯಾಬಿಟಿಸ್ ಬರುವುದು ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31. ನೀವು ಗಮನಿಸಬೇಕಾದದ್ದು ಇದು: 60 ದಾಟಿದವರಲ್ಲಿ ವ್ಯಾಯಾಮ ಮತ್ತು ಆಹಾರದ ಬದಲಾವಣೆಯಿಂದ ಡಯಾಬಿಟಿಸ್ ಬರುವುದು ಶೇ. 71ರಷ್ಟು ತಗ್ಗಿತು. ಕಿರಿಯರಿಗಿಂತ ಹಿರಿಯರಿಗೇ ಫಲ ಜಾಸ್ತಿ! ಅಂದ ಮಾತ್ರಕ್ಕೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಇನ್ನೊಬ್ಬ ಸದಸ್ಯರು: ದಿನಕ್ಕೆ 10,000 ಹೆಜ್ಜೆ ಆಗಲೇಬೇಕಾ? ನನಗೆ 5,000 ಆಗುವಷ್ಟರಲ್ಲಿ ಸಾಕಾಗುತ್ತದೆ.

ಉತ್ತರ: ಆಗಲೇಬೇಕು ಅಂತೇನಿಲ್ಲ. ಆ ಸಂಖ್ಯೆ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಸರಾಸರಿ 72 ವರ್ಷದ ಸುಮಾರು 17,000 ಮಹಿಳೆಯರನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ 2,700 ನಡೆದವರಿಗಿಂತ ಸಾಕಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ 5,000 ಚೆನ್ನಾಗಿಯೇ ಇದೆ.

ಮತ್ತೊಬ್ಬ ಸದಸ್ಯರು: ಕ್ಷಮಿಸಿ ಮೇಡಂ, ನನಗೆ ಈ ಅಧ್ಯಯನಗಳ ಮೇಲೇ ನಂಬಿಕೆ ಇಲ್ಲ. ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ನಡೆಯುವವರು ಹೆಚ್ಚು ಬದುಕುತ್ತಾರೆ ಅಂತೀರಿ. ಆರೋಗ್ಯ ಇದ್ದವರೇ ಅಲ್ವಾ ಜಾಸ್ತಿ ನಡೆಯುವುದು?

ಉತ್ತರ: ಒಳ್ಳೆಯ ಪ್ರಶ್ನೆ, ಕ್ಷಮೆ ಯಾಕೆ? ಈ ಅನುಮಾನ ಸಂಶೋಧಕರಿಗೂ ಮೊದಲಿನಿಂದ ಇದೆ. 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ‍್ರಿ ಮಾರಿಸ್ ಲಂಡನ್ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಡಬಲ್ ಡೆಕರಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಆಮೇಲೆ ಅದೇ ತಂಡ ಸಮವಸ್ತ್ರದ ಅಳತೆ ಪಟ್ಟಿ ತೆಗೆಸಿ ನೋಡಿತು. ಡ್ರೈವರುಗಳ ಸೊಂಟದ ಸುತ್ತಳತೆ ಕಂಡಕ್ಟರುಗಳದ್ದಕ್ಕಿಂತ ಜಾಸ್ತಿ ಇತ್ತು, ಕಿರಿಯ ವಯಸ್ಸಿನವರಲ್ಲೂ ಅಷ್ಟೇ. ಅಂದರೆ ವ್ಯತ್ಯಾಸಕ್ಕೆ ಮೆಟ್ಟಿಲೊಂದೇ ಕಾರಣ ಅನ್ನುವಂತಿಲ್ಲ. ತಾವೇ ಹೇಳಿದ್ದನ್ನು ತಾವೇ ಹೀಗೆ ಕೆದಕಿ ನೋಡಿದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿ ನಡೆಸುವ ಪ್ರಯೋಗಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹೆಜ್ಜೆಗಳ ಅಧ್ಯಯನ ಅಂಥದ್ದಲ್ಲ, ನಿಮ್ಮ ಆಕ್ಷೇಪ ಅದಕ್ಕೆ ಅನ್ವಯಿಸುತ್ತದೆ. ಡಯಾಬಿಟಿಸ್ ಪ್ರಯೋಗ, ವೃದ್ಧಾಶ್ರಮದ ಎರಡನೇ ಪ್ರಯೋಗ ಅಂಥವು. 2014ರ ಇನ್ನೊಂದು ಪ್ರಯೋಗವೂ ಇದೆ: 70ರಿಂದ 89 ವಯಸ್ಸಿನ 1,635 ಜನರಲ್ಲಿ ಅರ್ಧದಷ್ಟು ಮಂದಿಗೆ ನಡಿಗೆ, ಕಾಲಿನ ವ್ಯಾಯಾಮ, ಸಮತೋಲನದ ಅಭ್ಯಾಸ ಮಾಡಿಸಿದರು. ಉಳಿದವರಿಗೆ ಆರೋಗ್ಯದ ಬಗ್ಗೆ ಪಾಠ ಮಾತ್ರ. ಎರಡೂವರೆ ವರ್ಷದ ಹೊತ್ತಿಗೆ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಪಾಠದ ಗುಂಪಿನಲ್ಲಿ ಶೇ. 35.5, ವ್ಯಾಯಾಮದ ಗುಂಪಿನಲ್ಲಿ ಶೇ. 30.1. ಪವಾಡ ಏನಲ್ಲ. ಆದರೂ ನಿಜವಾದ ಲಾಭ.

ಪ್ರಯೋಗ ಮಾಡಿದಾಗ ನಂಬಿಕೆ ತಲೆಕೆಳಗಾದದ್ದೂ ಉಂಟು. ಬೀಟಾ ಕ್ಯಾರೊಟಿನ್ (ಕ್ಯಾರೆಟ್ಟಿಗೆ ಬಣ್ಣ ಕೊಡುವ ಅಂಶ) ಇರುವ ತರಕಾರಿ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಅದನ್ನೇ ಮಾತ್ರೆ ಮಾಡಿ ಕೊಟ್ಟರು. 1994ರಲ್ಲಿ ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಅವರಲ್ಲಿ ಹೆಚ್ಚಾಗಿತ್ತು! ಆಹಾರದಲ್ಲಿರುವ ಒಂದು ಅಂಶವನ್ನು ಡಬ್ಬಿಗೆ ತುಂಬಿದರೆ ಆಹಾರದ ಫಲ ಸಿಗುತ್ತದೆ ಅನ್ನುವ ಜಾಹೀರಾತು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಒಪ್ಪಿದೆ. ಎಲ್ಲಿಂದ ಶುರು ಮಾಡಲಿ? ಜಿಮ್ ಅಂದರೆ ನನಗೆ ಸಂಕೋಚ.

ಉತ್ತರ: ಸದ್ಯಕ್ಕೆ ಜಿಮ್ ಬೇಡ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಎದ್ದು, ನಿಧಾನವಾಗಿ ಕೂರಿ. ಆಗದಿದ್ದರೆ ಕೂರುವ ಜಾಗಕ್ಕೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಕೊನೆಯ ಎರಡು ಮೂರು ಸಲ ಕಷ್ಟ ಅನಿಸಬೇಕು, ಆಗಲೇ ಫಲ. ಹತ್ತು ಸಲ ಸುಲಭವಾಯಿತು ಅಂದರೆ ದಿಂಬು ತೆಗೆಯಿರಿ, ಆಮೇಲೆ ಕೈಯಲ್ಲಿ ಒಂದು ಭಾರ ಹಿಡಿಯಿರಿ. ಭಾರ ಹೆಚ್ಚಿಸದೆ ವರ್ಷಗಟ್ಟಲೆ ಅದನ್ನೇ ಮಾಡಿದರೆ ಶಕ್ತಿ ಅಲ್ಲೇ ನಿಲ್ಲುತ್ತದೆ. ಉಸಿರು ಬಿಗಿಹಿಡಿಯಬೇಡಿ, ಏಳುವಾಗ ಬಿಡಿ. ಜೊತೆಗೆ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಕನಿಷ್ಠ ಎರಡು ದಿನ ಶಕ್ತಿಯ ವ್ಯಾಯಾಮ. 65 ಆದ ಮೇಲೆ ಮೂರು ದಿನ ಸಮತೋಲನದ ಅಭ್ಯಾಸ. ನಿಮ್ಮ ನಡಿಗೆ ಆಗಲೇ ಲೆಕ್ಕಕ್ಕೆ ಬಂದಿದೆ.

ಎದೆನೋವು, ಹಿಡಿತಕ್ಕೆ ಸಿಗದ ಬಿಪಿ, ಇತ್ತೀಚಿನ ಮೂಳೆ ಮುರಿತ ಇದ್ದರೆ ಮೊದಲು ಡಾಕ್ಟರನ್ನು ಕಾಣಿ.

ಪ್ರಶ್ನೆ ಕೇಳಿದವರು: ಮಂಡಿ ಸ್ವಲ್ಪ ನೋಯುತ್ತದೆ. ಆದರೂ ಮಾಡಬಹುದಾ? ದಿನಾ ಮಾಡಲಾ?

ಉತ್ತರ: ಮಾಡಬಹುದು. ಸವೆದ ಮಂಡಿಗೂ ತೊಡೆ ಗಟ್ಟಿ ಮಾಡುವುದೇ ಮುಖ್ಯ ಚಿಕಿತ್ಸೆ. ಮಾಡುವಾಗ ಸ್ವಲ್ಪ ನೋವು ಬಂದು ಮರುದಿನದೊಳಗೆ ಹೋದರೆ ಚಿಂತೆ ಇಲ್ಲ. ಮಂಡಿ ಊದಿಕೊಂಡರೆ, ನೋವು ಮರುದಿನವೂ ಉಳಿದರೆ ಕುರ್ಚಿ ಎತ್ತರ ಹೆಚ್ಚಿಸಿ, ಎಣಿಕೆ ತಗ್ಗಿಸಿ. ದಿನಾ ಬೇಡ, ಒಂದು ದಿನ ಬಿಟ್ಟು ಒಂದು ದಿನ. ಆರು ವಾರ ಬಿಟ್ಟು ಇಲ್ಲೇ ಬರೆಯಿರಿ, ಮುಂದೇನು ಅಂತ ನೋಡೋಣ. ಅಷ್ಟರಲ್ಲಿ ಆ ರಾತ್ರಿ ಊಟ ಸರಿಮಾಡಿಕೊಳ್ಳಿ.